ಬರ್ತೀವಿ ಎಂದು ಹೇಳಿ ಹೋದವರು

ಅರವತ್ತೆಂಟನೆಯ ವಯಸ್ಸಿನಲ್ಲಿ ಬೆನ್ನಿಗೆ ಚೀಲ ಏರಿಸಿಕೊಂಡು ಪರದೇಶದ ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ಸುತ್ತಬೇಕೆಂಬ ಆಸೆಯನ್ನು ದೇವರು ಯಾರಿಗೂ ಕೊಡದಿರಲಿ. ಒಂದು ವೇಳೆ ಕೊಟ್ಟರೂ ಅಂಥವನಿಗೆ ಸ್ನೇಹಿತರನ್ನು ಕೊಡದಿರಲಿ. ದೇವರು ಈ ಎರಡನ್ನೂ ಮರೆತ: ಆಸೆಯನ್ನು ನನ್ನ ಸ್ನೇಹಿತನಿಗೆ ಕೊಟ್ಟ, ಅವನಿಗೆ ನನ್ನನ್ನು ಕೊಟ್ಟ.

ಆ ಸ್ನೇಹಿತನಿಗೆ ನಮ್ಮ ಬೀದಿಯಲ್ಲಿ ಯಥಾಪ್ರತಿ ಎಂದು ಹೆಸರು. ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಭಾಷಾಂತರಕಾರನಾಗಿದ್ದು ನಿವೃತ್ತನಾದವನು. ಸಾಕ್ಷಿ ಹೇಳಿದ್ದನ್ನು ಒಂದಕ್ಷರ ಹೆಚ್ಚಿಲ್ಲದೆ, ಒಂದಕ್ಷರ ಕಡಿಮೆಯಿಲ್ಲದೆ ಬೇರೆ ಭಾಷೆಗೆ ತಿರುಗಿಸಿ, ಕೆಳಗೆ ‘ಯಥಾಪ್ರತಿ’ ಎಂಬ ರಬ್ಬರ್ ಸ್ಟಾಂಪು ಒತ್ತುವುದು ಅವನ ಕೆಲಸವಾಗಿತ್ತು. ಜನ ಹಿಂದಿನಿಂದ ಕೂಗುತ್ತಿದ್ದ ಅಡ್ಡಹೆಸರನ್ನು ಅವನು ಬಿರುದೆಂದೇ ತಿಳಿದಿದ್ದ.

ಒಮ್ಮೆ ಒಬ್ಬ ಅಂಗಡಿಯವನು ಕಟಕಟೆಯಲ್ಲಿ ನಿಂತು, ಎದುರು ಅಂಗಡಿಯವನನ್ನು ತೋರಿಸಿ, “ಸ್ವಾಮಿ, ಇವನು ನನ್ನ ಹೊಟ್ಟೆ ಮೇಲೆ ಹೊಡೆದ” ಎಂದು ಅತ್ತನಂತೆ. ಗಿರಾಕಿಗಳನ್ನೆಲ್ಲ ಸೆಳೆದುಕೊಂಡ ಎಂದು ಅವನ ಗೋಳು. ನ್ಯಾಯಾಧೀಶರಿಗೆ ನಮ್ಮ ಭಾಷೆ ಬಾರದು. ಯಥಾಪ್ರತಿ ಅವರಿಗೆ ಹೊಟ್ಟೆಯನ್ನೂ ಹೊಡೆತವನ್ನೂ ಹಾಗೆಯೇ ಒಪ್ಪಿಸಿದ. ಅವರು ಗಾಯದ ಸರ್ಟಿಫಿಕೇಟು ಎಲ್ಲಿ ಎಂದು ಕೇಳಿ, ಸರ್ಕಾರಿ ವೈದ್ಯರು ಹೊಟ್ಟೆ ಪರೀಕ್ಷೆ ಮಾಡುವವರೆಗೆ ಮೊಕದ್ದಮೆಯನ್ನು ಮುಂದೂಡಿದರು. ಇದನ್ನು ಯಥಾಪ್ರತಿ ತನ್ನ ವೃತ್ತಿಯ ದೊಡ್ಡ ಗೆಲುವೆಂದು ಹೇಳಿಕೊಂಡು ತಿರುಗುತ್ತಿದ್ದ. “ಅರ್ಥ ಬಿಡಿಸೋದು ವಕೀಲನ ಕೆಲಸ ಕಣೋ. ನನ್ನದು ಬರೀ ಮಾತು. ದಾಟಿಸಿದೆ, ಕೈ ತೊಳ್ಕೊಂಡೆ” ಎನ್ನುತ್ತಿದ್ದ.

ಈ ಪ್ರಯಾಣಕ್ಕೆ ಮೂಲ ಕಾರಣ ಒಂದು ದವಡೆ ಹಲ್ಲು. ನಮ್ಮ ಬೀದಿಯ ಹಲ್ಲಿನ ಡಾಕ್ಟರು ಹೆಂಡತಿಯೊಡನೆ ಆ ದೇಶಕ್ಕೆ ಹೋಗಿ ಬಂದು, ಹಿಮದ ಬೆಟ್ಟದ ಮುಂದೆ, ಸರೋವರದ ಮುಂದೆ, ಯಾರದೋ ಹಸುವಿನ ಮುಂದೆ ನಿಂತ ಫೋಟೋಗಳನ್ನು ಕ್ಲಿನಿಕ್ಕಿನ ಗೋಡೆಗೆ ತೂಗುಹಾಕಿದ್ದರು. ಬಾಯಿ ತೆರೆದು ಕುರ್ಚಿಯಲ್ಲಿ ಒರಗಿದವನು ಬೇಡವೆಂದರೂ ಅವನ್ನು ನೋಡಲೇಬೇಕು, ಚೆನ್ನಾಗಿಲ್ಲವೆಂದು ಹೇಳುವ ಹಾಗೂ ಇಲ್ಲ. ಯಥಾಪ್ರತಿ ಹಲ್ಲು ಕೀಳಿಸಿಕೊಳ್ಳುತ್ತ ಅಷ್ಟನ್ನೂ ನೋಡಿ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ನೇರವಾಗಿ ನಮ್ಮ ಮನೆಗೆ ಬಂದ.

“ಬಸ್ಸಲ್ಲಿ ಕೂರಿಸಿ, ಮುಂದೆ ಒಬ್ಬ ಬಾವುಟ ಹಿಡಿದು ಕರ್ಕೊಂಡು ಹೋದನಂತೆ. ಅದೂ ಒಂದು ಹೋಗೋದಾ? ಕುರಿ ಹೊಡ್ಕೊಂಡು ಹೋದ ಹಾಗೆ! ಪ್ರವಾಸಿ ಬೇರೆ, ಪಥಿಕ ಬೇರೆ. ನಾವು ಪಥಿಕರಾಗಿ ಹೋಗೋಣ.”

“ನಾವು ಅಂದ್ರೆ?”

“ನಾನು, ನೀನು. ಬೆನ್ನ ಮೇಲೆ ಒಂದೊಂದು ಚೀಲ.”

ನನ್ನ ಹೆಂಡತಿ ತೀರಿಕೊಂಡು ಆಗ ಒಂಬತ್ತು ತಿಂಗಳಾಗಿತ್ತು. ನನ್ನ ಮನಸ್ಸಿನ ಉಸ್ತುವಾರಿಯನ್ನು ಇಡೀ ಬೀದಿ ವಹಿಸಿಕೊಂಡಿತ್ತು. ಹಾಲಿನವನು ಬೆಳಿಗ್ಗೆ ಬೇಗ ಏಳಿ ಎಂದ. ಇಸ್ತ್ರಿಯವನು ತಡವಾಗಿ ಏಳಿ ಎಂದ. ಹಲ್ಲಿನ ಡಾಕ್ಟರು ನನ್ನ ಬಾಯಿಯನ್ನು ತೆರೆಸದೆಯೇ, “ನಿಮ್ಮ ಮನಸ್ಸಿಗೆ ಬದಲಾವಣೆ ಬೇಕು” ಎಂದರು. ನಾನು ಜಪಮಾಲೆ ಹಿಡಿದು ಕೂತರೆ ಸಾಕು, “ಪಾಪ, ಮಂಕಾಗಿಬಿಟ್ಟಿದ್ದಾರೆ” ಎನ್ನುವರು. ಕೊನೆಗೆ ಮಗಳೂ ಅವರ ಕಡೆ ಸೇರಿದಳು.

“ಹೋಗಿ ಬನ್ನಿ ಅಪ್ಪ. ಒಂದೇ ಮಾತು, ಇಪ್ಪತ್ತನೇ ತಾರೀಖಿಗೆ ಮನೇಲಿರಬೇಕು.”

ಆ ಇಪ್ಪತ್ತಕ್ಕೆ ಅವಳ ತಾಯಿ ಹೋಗಿ ವರ್ಷ ತುಂಬುತ್ತಿತ್ತು. ಅಂದು ಬೆಳಿಗ್ಗೆ ಮನೆಯಲ್ಲಿ ಪ್ರಾರ್ಥನೆ. ನನ್ನ ನಾದಿನಿ, ಅಂದರೆ ಹೆಂಡತಿಯ ತಂಗಿ, ಬರುವವಳಿದ್ದಳು. ಇನ್ನು ಹತ್ತಿರದ ನಾಲ್ಕು ಜನ. ಹಿಂದಿರುಗುವ ವಿಮಾನ ಹದಿನೆಂಟಕ್ಕೆ.

“ಮರೆಯುವಂಥ ತಾರೀಖೇನಮ್ಮ ಅದು?” ಎಂದೆ.

ಯಥಾಪ್ರತಿ ಎರಡು ತಿಂಗಳು ಫೋನಿನಲ್ಲಿ ಆ ದೇಶದ ಭಾಷೆ ಕಲಿತ. ತರಕಾರಿಯವಳೊಡನೆ ಆ ಭಾಷೆಯಲ್ಲಿ ಬೆಂಡೆಕಾಯಿ ಕೇಳಿ ಬದನೆಕಾಯಿ ತಂದ. ಹೊರಡುವ ದಿನ ನೋಡಿದರೆ ಅವನ ಚೀಲ ಅವನ ತಲೆಗಿಂತ ಒಂದು ಗೇಣು ಎತ್ತರವಿತ್ತು. ಒಳಗೆ ಎರಡು ಕೊಡೆ, ಫ್ಲಾಸ್ಕು, ಮೂರು ಕಿಲೋ ತೂಗುವ ನಿಘಂಟು. ಅದರಲ್ಲಿ ಅರ್ಧ ಅವರ ಭಾಷೆಯಿಂದ ನಮ್ಮದಕ್ಕೆ, ಅರ್ಧ ನಮ್ಮದರಿಂದ ಅವರದಕ್ಕೆ. ಜೊತೆಗೆ ಆ ರಬ್ಬರ್ ಸ್ಟಾಂಪು, ಶಾಯಿ ಪ್ಯಾಡಿನ ಸಮೇತ.

“ಸ್ಟಾಂಪು ಯಾಕೋ?”

“ಯಾವ ಹೊತ್ತಲ್ಲಿ ಯಾವ ಕಾಗದ ಎದುರಾಗುತ್ತೋ!”

ಚೀಲವನ್ನು ಬೆನ್ನಿಗೆ ಏರಿಸಲು ಇಬ್ಬರು ಬೇಕಾಯಿತು. ಏರಿಸಿದ ಮೇಲೆ ಅವನು ಗೇಟಿನ ಬಳಿ ನಿಂತು ಹೆಂಡತಿಗೆ, “ಸರಿ ಕಣೇ, ನಾನು ಹೋಗ್ತೀನಿ” ಎಂದ.

“ಅಯ್ಯೋ! ಹೋಗ್ತೀನಿ ಅಂತಾರೇನ್ರೀ ಯಾರಾದ್ರೂ? ಬಾಯಲ್ಲಿ ಒಳ್ಳೇ ಮಾತೇ ಬರಲ್ವಾ ನಿಮಗೆ? ಬನ್ನಿ ಒಳಗೆ!”

ಚೀಲ ಇಳಿಸಲು ಮತ್ತೆ ಇಬ್ಬರು. ಅವನನ್ನು ಒಳಗೆ ಕರೆದು, ಕೂರಿಸಿ, ಒಂದು ಲೋಟ ನೀರು ಕುಡಿಸಿ, ಚೀಲವನ್ನು ಮತ್ತೆ ಏರಿಸಿ, ಹೊಸ್ತಿಲ ಮೇಲೆ ನಿಲ್ಲಿಸಿದಳು.

“ಈಗ ಹೇಳಿ.”

“ಹೋಗಿ ಬರ್ತೀನಿ.”

“ಹಾಂ. ಹೋದ ಕಡೆಯೆಲ್ಲಾ ಹೀಗೇ ಹೇಳಬೇಕು. ನೆನಪಿರಲಿ.”

ಅವನಿಗೆ ನೆನಪಿತ್ತು. ಮರೆತಿದ್ದರೆ ಒಂದು ಪರದೇಶದ ಪೊಲೀಸ್ ಇಲಾಖೆ ನೆಮ್ಮದಿಯಿಂದ ಇರುತ್ತಿತ್ತು.

ದೇಶವೇನೋ ಚೆನ್ನಾಗಿತ್ತು. ದೇವರು ತೀರ ಬಿಡುವಾಗಿದ್ದಾಗ ಮಾಡಿದ ಹಾಗಿತ್ತು. ಒಂದು ಕಣಿವೆ, ಅದರ ಉದ್ದಕ್ಕೂ ನೀಲಿ ನೀರು, ಎರಡೂ ಕಡೆ ಬೆಟ್ಟ, ಒಂದು ದಿನದ ನಡಿಗೆಗೊಂದು ಹಳ್ಳಿ, ಹಳ್ಳಿಗೊಂದು ತಂಗುಮನೆ. ನನಗೆ ಅದನ್ನು ನೋಡಲು ಬಿಡುವಿರಲಿಲ್ಲ. ನನ್ನ ಮುಂದೆ ಯಥಾಪ್ರತಿಯ ಚೀಲ ನಡೆಯುತ್ತಿತ್ತು. ಆ ದೇಶದ ಸೌಂದರ್ಯದಲ್ಲಿ ನಾನು ಕಂಡದ್ದು ಮುಖ್ಯವಾಗಿ ಕಂದು ಬಣ್ಣದ ಕ್ಯಾನ್ವಾಸು, ಎರಡು ಪಟ್ಟಿ, ಒಂದು ಒಣಗಲು ಹಾಕಿದ ಕಾಲುಚೀಲ. ಫೋನುಗಳನ್ನು ಅವನು ಚೀಲದ ತಳಕ್ಕೆ ಸೇರಿಸಿದ್ದ. “ಫೋನು ಹಿಡಿದೋನು ಪ್ರವಾಸಿ, ಬಿಟ್ಟೋನು ಪಥಿಕ.”

ಮೊದಲನೆಯ ತಂಗುಮನೆಯನ್ನು ಒಬ್ಬ ಅಜ್ಜಿ ನಡೆಸುತ್ತಿದ್ದಳು. ಎರಡು ದಿನ ಇದ್ದು ಹೊರಟೆವು. ಬಾಗಿಲ ಪಕ್ಕದಲ್ಲಿ ಒಂದು ಕಪ್ಪು ಹಲಗೆ, ಅದರ ಅಂಚಿನಲ್ಲಿ ಸೀಮೆಸುಣ್ಣ, ಮೇಲೆ ನಾಲ್ಕೈದು ಹೆಸರು. “ಇಲ್ಲಿ ತಂಗಿದ ಗಣ್ಯರು ಸಹಿ ಹಾಕ್ತಾರೆ ಅಂತ ಕಾಣುತ್ತೆ” ಎಂದು ಯಥಾಪ್ರತಿ ನಮ್ಮಿಬ್ಬರ ಹೆಸರನ್ನು ಎಲ್ಲರಿಗಿಂತ ದೊಡ್ಡದಾಗಿ ಬರೆದ. ಆಮೇಲೆ ಹೊಸ್ತಿಲ ಮೇಲೆ ನಿಂತು, ಗಂಟಲು ಸರಿಮಾಡಿಕೊಂಡು, ಅವರ ಭಾಷೆಯಲ್ಲಿ, ಒಂದಕ್ಷರ ಹೆಚ್ಚಿಲ್ಲದೆ, ಒಂದಕ್ಷರ ಕಡಿಮೆಯಿಲ್ಲದೆ, “ನಾವು ಹೋಗಿ ಬರುತ್ತೇವೆ” ಎಂದ.

ಅಜ್ಜಿ ಏನೋ ಕೇಳಿದಳು.

“ಯಾವಾಗ ಬರ್ತೀರಿ ಅಂತ ಕೇಳ್ತಿದ್ದಾಳೆ ಕಣೋ. ಎಂಥ ಪ್ರೀತಿ ನೋಡು! ನಮ್ಮ ಬೀದೀಲಿ ಯಾರಾದ್ರೂ ಕೇಳ್ತಾರಾ?”

“ಬಂದಾಗ ಬಂದೇವು. ಇವತ್ತಲ್ಲ ನಾಳೆ ಅನ್ನು” ಎಂದೆ ನಾನು, ಚೀಲದ ಭಾರಕ್ಕೆ ಬೇಸತ್ತು. ಈ ಕಥೆಯಲ್ಲಿ ನನ್ನ ಪಾಲಿನ ಪಾಪ ಇದೊಂದೇ.

ಅವನು ಅದನ್ನೂ ದಾಟಿಸಿದ. ಇವತ್ತು ಅಲ್ಲ, ನಾಳೆ. ಅಜ್ಜಿ ತಲೆಯಾಡಿಸಿ ಒಳಗೆ ಹೋದಳು. ನಮ್ಮ ಹಾಸಿಗೆಯ ಹೊದಿಕೆ ಬದಲಾಯಿಸಿ, ಮರುದಿನಕ್ಕೆ ಎರಡು ಬಟ್ಟಲು ಸೂಪು ಹೆಚ್ಚಿಗೆ ಇಟ್ಟಳೆಂದು ನಮಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ.

ಎರಡನೆಯ ಹಳ್ಳಿಯಲ್ಲೂ ಹಲಗೆಯ ಮೇಲೆ ಹೆಸರು, ಹೊಸ್ತಿಲ ಮೇಲೆ ಅದೇ ಮಾತು. ಮೂರನೆಯದರಲ್ಲೂ ಅದೇ. ಯಥಾಪ್ರತಿಗೆ ಆನಂದವೋ ಆನಂದ. “ಎಲ್ಲಾ ಕಡೆ ಯಾವಾಗ, ಯಾವಾಗ ಅಂತಾರೆ. ಹಲ್ಲಿನ ಡಾಕ್ಟರನ್ನ ಯಾರಾದ್ರೂ ಕೇಳಿದ್ರಾ? ಬಾವುಟದ ಹಿಂದೆ ಹೋದೋರಿಗೆ ಈ ಭಾಗ್ಯ ಎಲ್ಲಿಂದ ಬರಬೇಕು?”

ನಾಲ್ಕನೆಯ ತಂಗುಮನೆ ಕಣಿವೆಯ ಕೊನೆಯಲ್ಲಿತ್ತು. ಅದರ ಒಡೆಯನಿಗೆ ಎದೆಯವರೆಗೆ ಗಡ್ಡ. ಅದರ ಹಿಂದಿನ ಬೆಟ್ಟದ ತುದಿಯಲ್ಲಿ ಒಂದು ಪುಟ್ಟ ಪ್ರಾರ್ಥನಾ ಮಂದಿರ, ಅದರ ಮುಂದೆ ಆಕಾಶಕ್ಕೆ ತಾಗುವಂತೆ ದೇವರ ಕಲ್ಲಿನ ವಿಗ್ರಹ. ಆ ಪ್ರಯಾಣದಲ್ಲಿ ನನಗೆ ಬೇಕೆನಿಸಿದ ಜಾಗ ಅದೊಂದೇ. ನಾನು ಕಿಟಕಿಯ ಬಳಿ ಕೂತು ಅದನ್ನೇ ನೋಡುತ್ತಿದ್ದೆ. ಗಡ್ಡದವನು ನನ್ನ ಕಡೆ ಗಲ್ಲ ಎತ್ತಿ ಯಥಾಪ್ರತಿಯನ್ನು ಏನೋ ವಿಚಾರಿಸಿದ. ಯಥಾಪ್ರತಿಗೆ ಪ್ರಶ್ನೆಯನ್ನೂ ಉತ್ತರವನ್ನೂ ಎರಡು ಭಾಷೆಯಲ್ಲಿ ಗಟ್ಟಿಯಾಗಿ ಹೇಳುವ ಕೋರ್ಟಿನ ಅಭ್ಯಾಸ. ಹಾಗಾಗಿ ನನಗೆ ಎಲ್ಲವೂ ಕೇಳಿಸುತ್ತಿತ್ತು.

“ನಿನ್ನ ಸ್ನೇಹಿತ ಯಾಕೆ ಮಾತಾಡಲ್ಲ ಅಂತಾನೆ. ಇವನ ಹೆಂಡತಿ ದೇವರ ಪಾದ ಸೇರಿದ್ದಾಳೆ ಅಂದೆ.”

ಗಡ್ಡದವನು ಎದ್ದು ಕಿಟಕಿಗೆ ಬಂದ. ಬೆಟ್ಟದ ತುದಿಯ ವಿಗ್ರಹವನ್ನು, ಅದರ ಕಾಲಬುಡವನ್ನು ಕಣ್ಣು ಕಿರಿದು ಮಾಡಿ ನೋಡಿದ.

“ಒಬ್ಬಳೇನಾ ಅಂತಾನೆ. ಹೌದು, ಒಬ್ಬಳೇ ಅಂದೆ. ಈ ಚಳೀಲಾ ಅಂತಾನೆ. ಅಲ್ಲಿಗೆ ಹೋಗೋರು ಚಳಿ ಗಾಳಿ ನೋಡ್ತಾರಾ ಅಂದೆ. ನೀವೂ ಹೋಗ್ತೀರಾ ಅಂತಾನೆ. ಎಲ್ಲರೂ ಒಂದು ದಿನ ಹೋಗಲೇಬೇಕಲ್ಲ ಅಂದೆ. ಸರಿಯಾಗಿ ಹೇಳಿದೆನಲ್ಲ?”

“ಸರಿಯಾಗೇ ಹೇಳಿದೆ” ಎಂದೆ. ಅವನು ಹೇಳಿದ್ದರಲ್ಲಿ ಸುಳ್ಳು ಎಲ್ಲಿತ್ತು?

ಮರುದಿನ ಹೊರಡುವಾಗ ಗಡ್ಡದವನು ಬ್ರೆಡ್ಡಿನ ಮೂರು ಪೊಟ್ಟಣ ಕೊಟ್ಟ. ಒಂದು ದಪ್ಪ ಕಂಬಳಿಯನ್ನೂ ಕೊಟ್ಟ. “ಧಾರಾಳಿ!” ಎಂದ ಯಥಾಪ್ರತಿ. ಹಲಗೆ, ಸೀಮೆಸುಣ್ಣ, ಹೊಸ್ತಿಲು, ಹೋಗಿ ಬರುತ್ತೇವೆ, ಇವತ್ತಲ್ಲ ನಾಳೆ. ಬೆಟ್ಟದ ಬುಡ ತಲುಪುತ್ತಲೇ ಯಥಾಪ್ರತಿಯ ಮಂಡಿ ಮುಷ್ಕರ ಹೂಡಿತು. ನಾನು ಕೆಳಗೇ ನಿಂತು ವಿಗ್ರಹಕ್ಕೆ ಕೈಮುಗಿದೆ. ಅವನು ಅಷ್ಟರಲ್ಲಿ ಮೂರನೆಯ ಪೊಟ್ಟಣವನ್ನೂ ತಿಂದು ಮುಗಿಸಿದ. ಪಕ್ಕದ ದಾರಿಯಲ್ಲಿ ಇಳಿದು, ಬಸ್ಸು ಹಿಡಿದು, ಬೇರೊಂದು ಸರೋವರದ ದಡದಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಒಂದು ವಾರ ಕಳೆದೆವು. ಬೆಟ್ಟದ ಮೇಲೆ ಹೆಲಿಕಾಪ್ಟರು ಸುತ್ತುತ್ತಿತ್ತು. ಯಥಾಪ್ರತಿ ಅದಕ್ಕೆ ಟೋಪಿ ಬೀಸಿದ. “ನೋಡಿದ್ಯಾ? ಸರ್ಕಾರ ಬೆಟ್ಟಾನ ಎಷ್ಟು ಜೋಪಾನವಾಗಿ ಕಾಯುತ್ತೆ!”

ಹದಿನೇಳರ ಬೆಳಿಗ್ಗೆ ವಿಮಾನವಿರುವ ಊರಿಗೆ ಬಂದಿಳಿದೆವು. ಬಸ್ ನಿಲ್ದಾಣದ ಗೋಡೆಯ ಮೇಲೆ ನಾವಿದ್ದೆವು.

ಪಾಸ್‌ಪೋರ್ಟಿನ ಫೋಟೋಗಳೇ. ಕಳ್ಳನ ಹಾಗೆ ನಾನು, ಕಳ್ಳನ ವಕೀಲನ ಹಾಗೆ ಅವನು. ಯಥಾಪ್ರತಿ ಮುಖ ಅರಳಿಸಿದ. “ನಮ್ಮ ಸುದ್ದಿ ಇಲ್ಲಿವರೆಗೂ ಬಂದಿದೆ!” ಎಂದು ಕನ್ನಡಕ ಏರಿಸಿ ಓದತೊಡಗಿದ. “ಇವರನ್ನು ಕಂಡವರು ತಿಳಿಸಿರಿ. ಬೆಟ್ಟಕ್ಕೆ ಹೋದವರು. ಬರುತ್ತೇವೆಂದು ಹೇಳಿ ಹೋದವರು, ಬರಲಿಲ್ಲ.”

ನಮ್ಮಿಬ್ಬರ ಪಕ್ಕದಲ್ಲಿ ಮೂರನೆಯದೊಂದು ಚೌಕವಿತ್ತು. ಅದರಲ್ಲಿ ಫೋಟೋ ಇರಲಿಲ್ಲ. ಕೆಳಗೆ ಎರಡು ಸಾಲು ಅಚ್ಚಾಗಿತ್ತು. ಯಥಾಪ್ರತಿ ಅದನ್ನೂ ಅದೇ ಹುರುಪಿನಲ್ಲಿ ಓದಿದ.

“ಒಬ್ಬ ಹೆಂಗಸು. ವಯಸ್ಸು ತಿಳಿಯದು. ದೇವರ ಪಾದದ ಬಳಿ ಕಾಯುತ್ತಿರಬಹುದು.”

ಓದಿದವನು ಹಾಗೆಯೇ ನಿಂತ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ತಾನು ದಾಟಿಸಿದ ಮಾತು ಎದುರು ದಡದಲ್ಲಿ ಏನಾಯಿತೆಂದು ಅವನು ನೋಡಿದ್ದ.

ಪೊಲೀಸ್ ಠಾಣೆ ಅಲ್ಲೇ ಎದುರಿಗಿತ್ತು. ಇನ್ಸ್‌ಪೆಕ್ಟರು ಮರ್ಯಾದಸ್ಥ ಮನುಷ್ಯ. ನಮ್ಮನ್ನು ಕಂಡು ಬಯ್ಯಲಿಲ್ಲ, ಎದ್ದು ಬಂದು ಮುಟ್ಟಿ ನೋಡಿದರು. ಆಮೇಲೆ ನಮ್ಮ ಪಾಸ್‌ಪೋರ್ಟುಗಳನ್ನು ತೆಗೆದುಕೊಂಡು, ಕೂರಿಸಿ ವಿವರಿಸಿದರು. ಆ ಕಪ್ಪು ಹಲಗೆ ಗಣ್ಯರದಲ್ಲ. ಬೆಟ್ಟಕ್ಕೆ ಹೋಗಿ ಅದೇ ಮನೆಗೆ ವಾಪಸು ಬರುವವರು ಹೆಸರು ಬರೆಯುತ್ತಾರೆ, ಬಂದ ಮೇಲೆ ತಾವೇ ಅಳಿಸುತ್ತಾರೆ. ಎರಡು ದಿನ ಕಳೆದರೂ ಹೆಸರು ಅಳಿಸದಿದ್ದರೆ ಹುಡುಕಲು ಜನ ಹೊರಡುತ್ತಾರೆ. ನಾಲ್ಕು ಹಳ್ಳಿಯಿಂದ ನಾಲ್ಕು ದೂರು ಬಂದಿದ್ದವು. ಮೂರು ಮನೆಯಿಂದ ಇಬ್ಬಿಬ್ಬರು, ನಾಲ್ಕನೆಯದರಿಂದ ಮೂವರು. ಒಟ್ಟು ಒಂಬತ್ತು ಜನ ಕಾಣೆಯಾಗಿದ್ದಾರೆಂದು ಇಲಾಖೆ ನಡುಗಿ, ಆಮೇಲೆ ಯಾರೋ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಎಲ್ಲ ಹಳ್ಳಿಯಲ್ಲೂ ಕಾಣೆಯಾದವರು ಅದೇ ಇಬ್ಬರೆಂದು ಕಂಡುಕೊಂಡಿದ್ದರು.

“ಇಬ್ಬರು ಸಿಕ್ಕಿದಿರಿ, ಸಂತೋಷ” ಎಂದರು ಇನ್ಸ್‌ಪೆಕ್ಟರು. “ಮೂರನೆಯವರು ಎಲ್ಲಿ? ನಾಲ್ಕು ದಿನದಿಂದ ಬೆಟ್ಟದಲ್ಲಿ ಮೂವತ್ತು ಜನ, ಎರಡು ನಾಯಿ ಹುಡುಕುತ್ತಿವೆ. ಅವರೂ ಸಿಗುವವರೆಗೆ ಫೈಲು ಮುಚ್ಚುವ ಹಾಗಿಲ್ಲ. ಪಾಸ್‌ಪೋರ್ಟು ಕೊಡುವ ಹಾಗಿಲ್ಲ.”

ನಮ್ಮ ವಿಮಾನ ಮರುದಿನ ಬೆಳಿಗ್ಗೆ. ಅದು ತಪ್ಪಿದರೆ ಮುಂದಿನದು ಇಪ್ಪತ್ತೊಂದಕ್ಕೆ.

ಮಗಳಿಗೆ ತಿಳಿಸೋಣವೆಂದು ಚೀಲದ ತಳದಿಂದ ಫೋನು ತೆಗೆಸಿದೆ. ಅವಳು ನನ್ನ ಸ್ವರ ಕೇಳಿ ಒಂದು ಗಳಿಗೆ ಅತ್ತು, ಮರುಗಳಿಗೆ ಬೈದಳು.

“ಅಪ್ಪ, ನಿಮ್ಮ ಜೊತೆ ಯಾರಿದ್ದಾರೆ? ನಿಜ ಹೇಳಿ!”

“ಯಾರಿದ್ದಾರೆ? ಇದೇ ಯಥಾಪ್ರತಿ.”

“ಪೊಲೀಸ್ನೋರು ಫೋನ್ ಮಾಡಿ ನಿಮ್ಮ ತಂದೆ, ತಂದೆಯ ಸ್ನೇಹಿತ, ತಂದೆಯ ಹೆಂಡತಿ, ಮೂರೂ ಜನ ಕಾಣ್ತಿಲ್ಲ ಅಂದ್ರು! ಇಲ್ಲಿ ಬೀದಿಗೆಲ್ಲಾ ಗೊತ್ತಾಗಿಹೋಗಿದೆ!”

ಗೊತ್ತಾಗಲು ಅವಳೇ ಕಾರಣ. ಫೋನು ಬಂದಾಗ ಅವಳು ಜಗಲಿಯ ಮೇಲೆ ನಿಂತು, “ಅಪ್ಪನ ಹೆಂಡತೀನಾ? ಯಾವ ಹೆಂಡತಿ?” ಎಂದು ಕೂಗಿದ್ದಳು. ಹಲ್ಲಿನ ಡಾಕ್ಟರು ಆಗ ನಮ್ಮ ಗೇಟಿನ ಮುಂದೆ ಹಾದುಹೋಗುತ್ತಿದ್ದರು. ಅವರು ಹಾದುಹೋಗಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬೀದಿಯಲ್ಲಿ ನನಗೆ ಮದುವೆಯಾಗಿತ್ತು. ಇಸ್ತ್ರಿಯವನು ಹೆಣ್ಣಿಗೆ ನಲವತ್ತು ವರ್ಷವೆಂದ. ಹಾಲಿನವನು ನನ್ನ ಮೇಲಿನ ಗೌರವದಿಂದ ಐವತ್ತಕ್ಕೆ ಏರಿಸಿದ. ಡಾಕ್ಟರು ಮಾತ್ರ ಜವಾಬ್ದಾರಿಯಿಂದ, “ಅಲ್ಲಿನ ಗಾಳಿಯೇ ಅಂಥದ್ದು, ನಾನು ಹೋದಾಗಲೇ ಅನ್ನಿಸಿತ್ತು” ಎಂದರಂತೆ. ನನಗೆ ಬದಲಾವಣೆ ಬೇಕೆಂದು ಹೇಳಿದ್ದು ಅವರೇ ತಾನೆ? ಔಷಧ ಹೀಗೆ ನಾಟಿತಲ್ಲ ಎಂದು ಒಳಗೊಳಗೆ ಹೆಮ್ಮೆಯೂ ಇದ್ದೀತು.

ಸುದ್ದಿ ನಾದಿನಿಯನ್ನು ಮುಟ್ಟಿತು. “ಅಕ್ಕ ಹೋಗಿ ವರ್ಷ ತುಂಬಿಲ್ಲ, ಭಾವನಿಗೆ ಇದು ಬೇಕಿತ್ತಾ? ನಾನು ಆ ಮನೆ ಮೆಟ್ಟಿಲು ಹತ್ತಲ್ಲ” ಎಂದು ಅವಳು ಹಟ ಹಿಡಿದಳು. ಇಡೀ ಬೀದಿಯಲ್ಲಿ ಬುದ್ಧಿ ನೆಟ್ಟಗಿದ್ದದ್ದು ಯಥಾಪ್ರತಿಯ ಹೆಂಡತಿಗೆ ಒಬ್ಬಳಿಗೇ. “ಅಣ್ಣ ಅಂಥೋರಲ್ಲ. ನಮ್ಮನೆಯವರು ಏನೋ ಭಾಷಾಂತರ ಮಾಡಿರ್ತಾರೆ” ಎಂದಳಂತೆ. ಸತ್ಯವನ್ನು ಹೇಳಿದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

“ಇಪ್ಪತ್ತಕ್ಕೆ ಬರ್ತೀರಾ ಅಪ್ಪ?” ಎಂದಳು ಮಗಳು ಕೊನೆಗೆ, ಸಣ್ಣ ದನಿಯಲ್ಲಿ.

ನಾನು ಇನ್ಸ್‌ಪೆಕ್ಟರ ಮೇಜಿನ ಮೇಲಿದ್ದ ಎರಡು ಪಾಸ್‌ಪೋರ್ಟುಗಳನ್ನು ನೋಡುತ್ತ, “ಫೋನಿಡಮ್ಮ” ಎಂದೆ.

ವಿಚಾರಣೆ ಶುರುವಾಯಿತು. ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು. ಯಥಾಪ್ರತಿ ಕೋಟಿನ ಗುಂಡಿ ಹಾಕಿಕೊಂಡು, ಕೋರ್ಟಿನಲ್ಲಿ ನಿಲ್ಲುತ್ತಿದ್ದ ಹಾಗೆ ನಮ್ಮಿಬ್ಬರ ನಡುವೆ ನಿಂತ.

“ಆ ಹೆಂಗಸು ಎಲ್ಲಿ ಅಂತ ಕೇಳ್ತಿದ್ದಾರೆ. ಅವರು ಇಲ್ಲ ಅಂತ ಹೇಳ್ತೀನಿ.” ಹೇಳಿದ. “ಇಲ್ಲಿ ಇಲ್ಲದಿರೋದು ನಮಗೂ ಕಾಣುತ್ತೆ, ಎಲ್ಲಿದ್ದಾರೆ ಅಂತಾರೆ.”

“ಹೋಗಿಬಿಟ್ಟಳು ಅನ್ನು.”

“ಅಂದೆ. ಯಾವ ದಾರೀಲಿ ಅಂತಾರೆ.”

“ತೀರಿಕೊಂಡಳು ಅನ್ನು!”

ಯಥಾಪ್ರತಿ ತೀರಿಸಿದ. ಇನ್ಸ್‌ಪೆಕ್ಟರು ‘ಕೆಲಸ ಮುಗಿಸಿದರು’ ಎಂದು ಬರೆದುಕೊಂಡು, ಯಾವ ಕೆಲಸ ಎಂದು ಕೇಳಿದರು.

“ಕಣ್ಣು ಮುಚ್ಚಿದಳು ಅನ್ನಲಾ?” ಎಂದು ಯಥಾಪ್ರತಿ ನನ್ನನ್ನೇ ಕೇಳಿ, ನನ್ನ ಉತ್ತರಕ್ಕೆ ಕಾಯದೆ ಅಂದ. ಇನ್ಸ್‌ಪೆಕ್ಟರ ಹುಬ್ಬು ಗಂಟಾಯಿತು. ಕಣ್ಣು ಮುಚ್ಚಿದವರನ್ನು ಬೆಟ್ಟದ ದಾರಿಯಲ್ಲಿ ಯಾರು ಕೈಹಿಡಿದು ನಡೆಸಿದರು ಎಂಬುದು ಅವರ ಮುಂದಿನ ಪ್ರಶ್ನೆ. ಹಾಗೆ ಬಿಟ್ಟು ಬಂದ ಗಂಡ ಎಂಥವನು ಎಂಬುದು ಅವರ ಕಣ್ಣಿನಲ್ಲಿದ್ದ ಪ್ರಶ್ನೆ.

ನಾನು ಅವತ್ತು ತಿಳಿದುಕೊಂಡೆ. ನಮ್ಮ ಭಾಷೆಯಲ್ಲಿ ನಮ್ಮವರು ಹೋಗುತ್ತಾರೆ, ತೀರಿಕೊಳ್ಳುತ್ತಾರೆ, ಅಗಲುತ್ತಾರೆ, ಸೇರುತ್ತಾರೆ. ಇನ್ನೊಂದು ಪದವನ್ನು ಬೇರೆಯವರ ಮನೆಯವರಿಗಾಗಿ ಇಟ್ಟುಕೊಂಡಿದ್ದೇವೆ.

ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟು, ಮೆತ್ತಗಿನ ದನಿಯಲ್ಲಿ ಇನ್ನೊಂದು ಪ್ರಶ್ನೆ ಹಾಕಿದರು. ಯಥಾಪ್ರತಿ ಅದನ್ನು ನನಗೆ ಹೇಳಲು ಹಿಂದೆಮುಂದೆ ನೋಡಿದ.

“ಹೇಳೋ.”

“ಹೋಗುವಾಗ ನಿಮಗೆ ಏನಾದ್ರೂ ಹೇಳಿ ಹೋದರಾ ಅಂತ.”

ಆಸ್ಪತ್ರೆಗೆ ಹೊರಟು ಕಾರಿನಲ್ಲಿ ಕೂತ ಮೇಲೆ ಅವಳು ಗಾಜು ಇಳಿಸಿದ್ದಳು. “ಬರ್ತೀನಿ. ಹಾಲು ಕಾಯಿಸಿದೀನಿ, ಆರಿದ ಮೇಲೆ ಮುಚ್ಚಿಡಿ” ಎಂದಿದ್ದಳು. ನಲವತ್ತಮೂರು ವರ್ಷದಲ್ಲಿ ನನಗೆ ಅವಳು ಹೇಳಿದ ಸುಳ್ಳು ಅದೊಂದೇ.

“ಬರ್ತೀನಿ ಅಂದಳು” ಎಂದೆ.

ಯಥಾಪ್ರತಿ ದಾಟಿಸಿದ. ಇನ್ಸ್‌ಪೆಕ್ಟರ ಮುಖ ತಿಳಿಯಾಯಿತು. “ಬರುತ್ತೇನೆ ಎಂದಿದ್ದರೆ ಬರುತ್ತಾರೆ. ಹುಡುಕಾಟ ಮುಂದುವರಿಸುತ್ತೇವೆ, ನೀವು ಕಾಯಿರಿ” ಎಂದು ಫೈಲು ಕಟ್ಟತೊಡಗಿದರು.

“ಲೋ, ಸತ್ತಳು ಅನ್ನೋ” ಎಂದೆ.

ಯಥಾಪ್ರತಿ ಬಾಯಿ ತೆರೆದ, ಮುಚ್ಚಿದ.

“ಆ ಪದ ಗೊತ್ತಿಲ್ವಾ ನಿಂಗೆ?”

“ಗೊತ್ತು ಕಣೋ. ಕೋರ್ಟಲ್ಲಿ ದಿನಕ್ಕೆ ಹತ್ತು ಸಲ ಅಂದಿದ್ದೀನಿ. ಅತ್ತಿಗೆ ಮೇಲೆ ನನ್ನ ಬಾಯಿಗೆ ಬರಲ್ಲ.” ಅವನ ಮೂಗು ಕೆಂಪಾಗಿತ್ತು. “ಬೇಕಾದ್ರೆ ಹೊಡಿ.”

ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ ಎಂದು ಊರೆಲ್ಲ ಡಂಗುರ ಹೊಡೆದವನು, ಬೇಕಾದ ಹೊತ್ತಿನಲ್ಲಿ ಮೂರೇ ಮೂರು ಅಕ್ಷರ ನುಂಗಿ ನಿಂತ. ನಾನು ಅವನ ಚೀಲ ಬಿಚ್ಚಿದೆ. ಕೊಡೆ, ಫ್ಲಾಸ್ಕು, ಕಂಬಳಿ, ಕಾಲುಚೀಲ, ಎಲ್ಲವನ್ನೂ ಠಾಣೆಯ ನೆಲಕ್ಕೆ ಸುರಿದು ನಿಘಂಟನ್ನು ಎಳೆದೆ. ಅದರ ಎರಡನೆಯ ಅರ್ಧ. ಕ, ಚ, ತ, ಪ, ಕೊನೆಗೆ ಸ. ‘ಸಾಮಾನು’ ಸಿಕ್ಕಿತು, ಅದರ ಕೆಳಗೆ ‘ಸಾಯು’ ಸಿಕ್ಕಿತು. ಪುಸ್ತಕವನ್ನು ಇನ್ಸ್‌ಪೆಕ್ಟರ ಮುಂದಿಟ್ಟು, ಆ ಪದದ ಎದುರಿಗೆ ಅವರ ಭಾಷೆಯಲ್ಲಿದ್ದುದರ ಮೇಲೆ ಬೆರಳಿಟ್ಟು, ಇನ್ನೊಂದು ಬೆರಳಿನಿಂದ ಮೇಜಿನ ಮೇಲಿದ್ದ ಅದೇ ಪ್ರಕಟಣೆಯ ಮೂರನೆಯ ಚೌಕವನ್ನು ತೋರಿಸಿದೆ. ಮೂರು ಕಿಲೋ ಹೊತ್ತು ಕಣಿವೆಯೆಲ್ಲ ಅಲೆದದ್ದಕ್ಕೆ ಆ ನಿಘಂಟಿನಿಂದ ನಮಗೆ ಉಪಯೋಗಕ್ಕೆ ಬಂದದ್ದು ಅದೊಂದು ಪದ.

ಇನ್ಸ್‌ಪೆಕ್ಟರು ಓದಿದರು. ಎದ್ದು ನಿಂತು ಟೋಪಿ ತೆಗೆದರು. ಬಾಗಿಲ ಬಳಿಯ ಪೇದೆಯೂ ತೆಗೆದ. ಆಮೇಲೆ ಫೋನೆತ್ತಿ ಬೆಟ್ಟಕ್ಕೆ ಏನೋ ಹೇಳಿದರು. ತಾರೀಖನ್ನೂ ಊರನ್ನೂ ಕೇಳಿಕೊಂಡು ಎರಡು ಸಾಲಿನ ವರದಿ ಬರೆದು, ಅದರ ನಕಲನ್ನು ನಮಗೆ ಕೊಟ್ಟು, ಮೇಲೆ ಪಾಸ್‌ಪೋರ್ಟುಗಳನ್ನಿಟ್ಟರು. ಯಥಾಪ್ರತಿ ಕಣ್ಣೊರೆಸಿಕೊಂಡು, ನೆಲದ ಮೇಲಿನ ರಾಶಿಯಲ್ಲಿ ಸ್ಟಾಂಪನ್ನು ಹುಡುಕಿ, ಪ್ಯಾಡಿಗೆ ತಾಗಿಸಿ, ನಕಲಿನ ಕೆಳಗೆ ಒತ್ತಿದ. ಯಾರೂ ಕೇಳಿರಲಿಲ್ಲ.

ಹೊರಡುವಾಗ ಇನ್ಸ್‌ಪೆಕ್ಟರು ಬಾಗಿಲವರೆಗೆ ಬಂದರು. ಯಥಾಪ್ರತಿ ಹೊಸ್ತಿಲ ಮೇಲೆ ತಿರುಗಿ ನಿಂತು ಗಂಟಲು ಸರಿಮಾಡಿಕೊಂಡ. ನಾನು ಅಂಗೈಯಿಂದ ಅವನ ಬಾಯಿ ಮುಚ್ಚಿ, ಚೀಲದ ಸಮೇತ ರಸ್ತೆಗೆ ಎಳೆದೆ.

ಇಪ್ಪತ್ತರ ಬೆಳಿಗ್ಗೆ ಹತ್ತು ಗಂಟೆಗೆ ಮನೆ ಮುಟ್ಟಿದೆವು. ಬೀದಿಯವರೆಲ್ಲ ಗೇಟುಗಳಿಗೆ ಬಂದು ನಮ್ಮ ಹಿಂದೆ ಮೂರನೆಯವಳು ಇಳಿಯುತ್ತಾಳೋ ಎಂದು ಕತ್ತು ಉದ್ದ ಮಾಡಿದರು. ಹಲ್ಲಿನ ಡಾಕ್ಟರು ಟ್ಯಾಕ್ಸಿಯ ಒಳಗೇ ಬಗ್ಗಿ ನೋಡಿದರು. ಒಳಗೆ ಪ್ರಾರ್ಥನೆಗೆ ಚಾಪೆ ಹಾಸಿತ್ತು. ಮಗಳ ಕಾಟಕ್ಕೆ ನಾದಿನಿ ಬಂದಿದ್ದಳು, ಗೋಡೆಯ ಕಡೆ ಮುಖ ತಿರುಗಿಸಿ ಕೂತಿದ್ದಳು.

ಯಥಾಪ್ರತಿ ಚೀಲ ಇಳಿಸದೆಯೇ ಕಾಗದ ತೆಗೆದು ಎಲ್ಲರೆದುರು ಓದಿದ. ಅದು ಪೊಲೀಸರ ಮಾತಾದ್ದರಿಂದ ಅವನಿಗೆ ಓದಲು ಬಂತು. “ಹುಡುಕಲಾಗುತ್ತಿದ್ದ ಹೆಂಗಸು ಕಳೆದ ವರ್ಷ ಇದೇ ತಿಂಗಳು ಇಪ್ಪತ್ತರಂದು ತನ್ನ ಊರಿನಲ್ಲಿ ಸತ್ತಿರುತ್ತಾಳೆ. ಹುಡುಕಾಟವನ್ನು ನಿಲ್ಲಿಸಲಾಗಿದೆ.”

“ನಾನು ಹೇಳಲಿಲ್ವಾ, ಭಾಷಾಂತರ ಮಾಡಿರ್ತಾರೆ ಅಂತ!” ಎಂದಳು ಅವನ ಹೆಂಡತಿ.

ಹಲ್ಲಿನ ಡಾಕ್ಟರು ಯಾರೋ ಒಬ್ಬ ರೋಗಿಯ ನೆನಪಾಗಿ ಹೊರಟುಹೋದರು. ನಾದಿನಿ ನಿಧಾನವಾಗಿ ನನ್ನ ಕಡೆ ತಿರುಗಿದಳು.

“ಎಷ್ಟು ದಿನ ಹುಡುಕಿದರು ಭಾವ, ಅಕ್ಕನ್ನ?”

“ನಾಲ್ಕು ದಿನ. ಮೂವತ್ತು ಜನ.”

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ, “ಅಷ್ಟಾದ್ರೂ ಹುಡುಕಿದ್ರಲ್ಲ” ಎಂದು, ಎದ್ದು ಚಾಪೆಯ ಮೇಲೆ ಬಂದು ಕೂತಳು.

ಒಂದು ತಿಂಗಳಾದ ಮೇಲೆ ಗಡ್ಡದವನ ಕಾಗದ ಬಂತು. ಯಥಾಪ್ರತಿ ಜಗಲಿಯ ಮೇಲೆ ಕೂತು ಓದಿದ. “ಪೊಲೀಸರಿಂದ ಎಲ್ಲ ತಿಳಿಯಿತು. ನಿಮ್ಮಿಬ್ಬರ ಹೆಸರನ್ನು ಹಲಗೆಯಿಂದ ಅಳಿಸಿದ್ದೇನೆ. ಮೂರನೆಯ ಹೆಸರು ಗೊತ್ತಿರಲಿಲ್ಲವಾದ್ದರಿಂದ ನಾನೇ ‘ಒಬ್ಬ ಹೆಂಗಸು’ ಎಂದು ಬರೆದಿದ್ದೆ. ವಾಪಸು ಬಂದವರದನ್ನು ಮಾತ್ರ ಅಳಿಸಬೇಕೆಂದು ನಮ್ಮಲ್ಲಿ ನಿಯಮ. ಆದ್ದರಿಂದ ಅದನ್ನು ಮುಟ್ಟಿಲ್ಲ. ಹೆಸರು ತಿಳಿಸಿದರೆ ಸರಿಯಾಗಿ ಬರೆಯುತ್ತೇನೆ.”

ನಾನು ಒಂದು ಹಾಳೆಯ ಮೇಲೆ ಅವಳ ಹೆಸರು ಬರೆದು ಕೊಟ್ಟೆ. ಯಥಾಪ್ರತಿ ಅದರ ಕೆಳಗೆ ಅವರ ಲಿಪಿಯಲ್ಲಿ, ಪೆನ್ಸಿಲು ಹಿಡಿದು, ನಾಲಿಗೆ ಕಚ್ಚಿಕೊಂಡು, ಅರ್ಧ ಗಂಟೆ ತೆಗೆದುಕೊಂಡು ಬರೆದ. ಒಂದಕ್ಷರ ಹೆಚ್ಚಿರಲಿಲ್ಲ, ಒಂದಕ್ಷರ ಕಡಿಮೆಯಿರಲಿಲ್ಲ. ಹೆಸರಿಗೆ ಅರ್ಥ ಹೇಳುವ ಕಷ್ಟವಿಲ್ಲ ನೋಡಿ, ಅಲ್ಲಿ ಅವನು ಮಹಾ ಪಂಡಿತ. ಸ್ಟಾಂಪೂ ಒತ್ತಿದ. ಆಮೇಲೆ, ನನ್ನನ್ನು ಕೇಳದೆ, ಅಡಿಯಲ್ಲಿ ಇನ್ನೊಂದು ಸಾಲು ಸೇರಿಸಿದ.

“ಅದೇನೋ ಅದು?”

“ಬರ್ತೀವಿ ಅಂತ ಬರೆದೆ.”

“ಅಯ್ಯೋ ಪಾಪಿ! ಯಾವಾಗ ಅಂತ ಬರೆದೆ?”

“ಇವತ್ತಲ್ಲ ನಾಳೆ ಅಂತ.”

ರಬ್ಬರು ಅವನ ಮೊಣಕೈ ಪಕ್ಕದಲ್ಲೇ ಇತ್ತು. ನಾನು ಅಳಿಸು ಎನ್ನಲಿಲ್ಲ.